ಮೂಡಲ ಸೀಮೆಯಲ್ಲಿ ಕೆರೆಯ ಜಾಡು

ಕೋಲಾರಕ್ಕೆ ಹೊರಟವರನ್ನು ಕಂಡರೆ ಯಾರೂ ಚಿನ್ನದ ಮಾತೆತ್ತದೆ ಬಿಡುವುದಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಆಮೇಲೆ ಸಿನಿಮಾದವರು ಬಂದು ಅದಕ್ಕೆ ಇನ್ನೊಂದು ಜನ್ಮ ಕೊಟ್ಟರು. ಹೀಗಾಗಿ ಊರು ನೋಡದವರ ತಲೆಯಲ್ಲೂ ಊರಿನ ಒಂದು ಚಿತ್ರ ಕೂತುಬಿಟ್ಟಿದೆ: ಧೂಳು, ಸುರಂಗ, ಕತ್ತಲೆ, ಹಳದಿ ಲೋಹ. ಆದರೆ ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಪೂರ್ವಕ್ಕೆ ಮುಖ ಮಾಡಿ, ಹೊಸಕೋಟೆ ದಾಟಿ, ನರಸಾಪುರದ ಕಡೆ ಬರುವಾಗ ಪ್ರವಾಸಿಯ ಕಣ್ಣಿಗೆ ಮತ್ತೆ ಮತ್ತೆ ಬೀಳುವುದು ಬೇರೆಯದೇ ವಸ್ತು. ಅದು ಕೆರೆಯ ಏರಿ. ಬಯಲಿಗೆ ಅಡ್ಡಲಾಗಿ ಕಟ್ಟಿದ ಉದ್ದನೆಯ ಮಣ್ಣಿನ ದಿಬ್ಬ, ನೀರಿನ ಬದಿಗೆ ಹೊದಿಸಿದ ಕಲ್ಲು, ಮಧ್ಯದಲ್ಲೆಲ್ಲೋ ಎರಡು ಕಲ್ಲುಕಂಬ ನೆಟ್ಟ ತೂಬು, ಒಂದು ತುದಿಯಲ್ಲಿ ಕೋಡಿ. ಒಂದನ್ನು ದಾಟಿ ಐದು ನಿಮಿಷವಾಗಿರುವುದಿಲ್ಲ, ಇನ್ನೊಂದು ಬರುತ್ತದೆ.

ಈ ಸೀಮೆಗೆ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಪಾಲಾರ್ ಹುಟ್ಟುವುದು ನೆರೆಯ ಚಿಂತಾಮಣಿ ತಾಲ್ಲೂಕಿನ ತಲಗವಾರದ ಬಳಿ. ಕೋಲಾರದ ನೆಲದ ಮೇಲೆ ಹಾದು ಆಂಧ್ರಕ್ಕೆ, ಅಲ್ಲಿಂದ ತಮಿಳುನಾಡಿಗೆ ಹೋಗಿ ಸಮುದ್ರ ಸೇರುವ ಈ ನದಿಯನ್ನು ಹುಡುಕಿಕೊಂಡು ಹೋದವರಿಗೆ ಬಹುಪಾಲು ತಿಂಗಳಲ್ಲಿ ಮರಳು, ಜೊಂಡು, ಜಾಲಿ ಸಿಕ್ಕೀತೇ ಹೊರತು ನೀರು ಸಿಗದು. ಬೀಳುವ ಮಳೆಯೂ ಅಷ್ಟಕ್ಕಷ್ಟೆ, ಅದೂ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಮ್ಮೆಲೇ ಸುರಿದು ಹೋಗುವಂಥದ್ದು. ಇಂಥ ಕಡೆ ಬೇಸಾಯ ಮಾಡಬೇಕೆಂದವರು ನದಿಗಾಗಿ ಕಾಯಲಿಲ್ಲ. ಇಳಿಜಾರು ಕಂಡಲ್ಲೆಲ್ಲ ಏರಿ ಕಟ್ಟಿದರು. ಪಂಕ್ತಿಯಲ್ಲಿ ಒಂದು ಎಲೆಗೆ ಬಡಿಸಿ ಮುಂದಿನ ಎಲೆಗೆ ಹೋಗುವ ಹಾಗೆ ಮೇಲಿನ ಕೆರೆ ತುಂಬಿದ ಮೇಲೆ ಕೋಡಿ ಹರಿದು ಕೆಳಗಿನ ಕೆರೆಗೆ, ಅದು ತುಂಬಿ ಅದರ ಕೆಳಗಿನದಕ್ಕೆ ನೀರು ಹೋಗಬೇಕು. ಇಂದಿನ ಕೋಲಾರ ಜಿಲ್ಲೆಯಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಕುಂಟೆ, ಗೋಕಟ್ಟೆ, ಕಲ್ಯಾಣಿಗಳು ಬೇರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುಂಚೆ ಈ ಲೆಕ್ಕ ಇನ್ನೂ ದೊಡ್ಡದಿತ್ತು.

ಏರಿ ಕಟ್ಟಿದರೆ ಕೆಲಸ ಮುಗಿಯುತ್ತಿರಲಿಲ್ಲ. ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿ ಇದ್ದ. ತೂಬು ತೆಗೆಯುವುದು, ಮುಚ್ಚುವುದು ಅವನ ಕೈಲಿ. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಕಾಳು ಹೋಗುತ್ತಿತ್ತು. ಬೇಸಿಗೆಯಲ್ಲಿ ಊರವರು ಗಾಡಿ ಕಟ್ಟಿಕೊಂಡು ಬಂದು ಹೂಳು ತೆಗೆದು ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು. ಕೆರೆಗೂ ಲಾಭ, ಹೊಲಕ್ಕೂ ಲಾಭ. ಕೊಳವೆ ಬಾವಿ ಬಂದು ಪ್ರತಿಯೊಬ್ಬನ ಹೊಲದಲ್ಲೂ ಸ್ವಂತ ನೀರು ಚಿಮ್ಮತೊಡಗಿದ ಮೇಲೆ ನೀರುಗಂಟಿಯ ಹುದ್ದೆ ಹೆಸರಿಗಷ್ಟೇ ಉಳಿಯಿತು. ಕೆರೆಯಂಗಳಕ್ಕೆ ಬಳ್ಳಾರಿ ಜಾಲಿ, ಮೇಲಿನ ಗೋಮಾಳಕ್ಕೆ ನೀಲಗಿರಿ ಬಂದವು. ಬೋರು ಸಾವಿರ ಅಡಿ ದಾಟಿ ಸಾವಿರದೈನೂರಕ್ಕೆ ಇಳಿಯಿತು. ಬಂದ ನೀರಿನಲ್ಲಿ ಫ್ಲೋರೈಡು.

ನರಸಾಪುರದಲ್ಲೀಗ ಹೋಂಡಾ ಸ್ಕೂಟರುಗಳೂ ಐಫೋನುಗಳೂ ತಯಾರಾಗುತ್ತವೆ. ಪಾಳಿ ಬಿಟ್ಟಾಗ ಕಂಪನಿ ಬಸ್ಸುಗಳು ಹೆದ್ದಾರಿಯನ್ನು ತುಂಬಿಬಿಡುತ್ತವೆ. ಅದೇ ಸುತ್ತಿನಲ್ಲಿರುವ ಲಕ್ಷ್ಮೀಸಾಗರ ಕೆರೆಗೆ 2018ರ ಜೂನ್‌ನಲ್ಲಿ ಬೆಂಗಳೂರಿನಿಂದ ಒಂದು ಕೊಳವೆ ಬಂತು. ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಹರಿಯುವ ನಗರದ ಬಚ್ಚಲು ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ದಿನಕ್ಕೆ 440 ದಶಲಕ್ಷ ಲೀಟರಿನಂತೆ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ತುಂಬಿಸುವ ಯೋಜನೆ ಇದು. ಜನರ ಬಾಯಲ್ಲಿ ಬರೀ ‘ಕೆ.ಸಿ. ವ್ಯಾಲಿ’. ನೀರು ಬಂದು ತಿಂಗಳು ಕಳೆಯುವಷ್ಟರಲ್ಲಿ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು, ಪಂಪು ನಿಂತಿತು, ಮತ್ತೆ ಶುರುವಾಯಿತು. ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿ ಇಳಿದ ನೀರು ಇದು.

ಸತ್ತ ಬೋರುಗಳಲ್ಲಿ ನೀರು ಬಂತು ಎನ್ನುವ ರೈತರಿದ್ದಾರೆ. ಮೂರನೆಯ ಹಂತದ ಶುದ್ಧೀಕರಣ ಆಗದೆ ಈ ನೀರು ನಮಗೆ ಬೇಡ ಎಂದು ಧರಣಿ ಕೂತವರೂ ಇದ್ದಾರೆ. ಇಬ್ಬರೂ ಒಂದೇ ಹಳ್ಳಿಯವರಾಗಿರಬಹುದು, ಕೆಲವೊಮ್ಮೆ ಒಂದೇ ಮನೆಯವರು. ಇದರಲ್ಲಿ ಒಬ್ಬರದೇ ಸರಿ ಎನ್ನುವುದು ದೂರದಲ್ಲಿ ಕೂತವರಿಗೆ ಸುಲಭ. ಬೋರಿಗೆಂದು ಸಾಲ ಮಾಡಿ ಕಲ್ಲುಪುಡಿ ಮಾತ್ರ ಕಂಡವನ ಎದುರು ನಿಂತು ಅದನ್ನು ಹೇಳುವುದು ಅಷ್ಟು ಸುಲಭವಲ್ಲ.

ಕೋಲಾರ ಪಟ್ಟಣ ಶತಶೃಂಗ ಬೆಟ್ಟಸಾಲಿನ ಬುಡದಲ್ಲಿದೆ. ತಲಕಾಡಿಗೆ ಹೋಗುವ ಮೊದಲು ಗಂಗರ ರಾಜಧಾನಿ ಇದ್ದದ್ದು ಇಲ್ಲೇ, ಕುವಳಾಲದಲ್ಲಿ. ಊರು ಬಿಟ್ಟು ಶತಮಾನಗಳಾದರೂ ಗಂಗ ಅರಸರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಶಾಸನ ಶಾಸನದಲ್ಲೂ ಹೊತ್ತು ತಿರುಗಿದರು. ಬೆಂಗಳೂರಿಗೆ ಹೋಗಿ ಮೂರು ತಲೆಮಾರಾದರೂ ‘ನಮ್ಮದು ಕೋಲಾರದ ಕಡೆ’ ಎನ್ನುವವರ ಪರಂಪರೆ ಇಷ್ಟು ಹಳೆಯದು ಎಂದು ತಮಾಷೆಗೆ ಹೇಳಬಹುದು.

ಗಂಗರ ಜಾಗಕ್ಕೆ ಚೋಳರು ಬಂದರು. ರಾಜೇಂದ್ರ ಚೋಳನ ಕಾಲದ ತಮಿಳು ಶಾಸನಗಳು ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಇವೆ. ಬಿ.ಎಲ್. ರೈಸ್ ಸಂಪಾದಿಸಿ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ತೆರೆದರೆ, ಕನ್ನಡ, ತಮಿಳು, ತೆಲುಗು ಮೂರೂ ಭಾಷೆಗಳು ಈ ನೆಲದಲ್ಲಿ ಎಷ್ಟು ಕಾಲದಿಂದ ಹೆಗಲಿಗೆ ಹೆಗಲು ಕೊಟ್ಟು ಬದುಕಿವೆ ಎನ್ನುವುದು ಗೊತ್ತಾಗುತ್ತದೆ. ಗಡಿ ಎಂಬ ಗೆರೆ ಆಮೇಲೆ ಬಂದದ್ದು.

ಗುಡಿಯ ಒಳಗೆ ಒಂದು ವಿಚಿತ್ರವಿದೆ. ಭಕ್ತರು ಅಮ್ಮನನ್ನು ನೇರ ಕಣ್ಣಿಟ್ಟು ನೋಡುವುದಿಲ್ಲ. ಉಗ್ರರೂಪಿ ಎಂಬ ಭಯದಿಂದ ಎದುರಿಗೆ ಕನ್ನಡಿ ಇಟ್ಟಿದ್ದಾರೆ, ದರ್ಶನ ಅದರಲ್ಲಿ. ಅದೇ ಆವರಣದಲ್ಲಿ ಚೇಳಮ್ಮನಿದ್ದಾಳೆ. ಚೇಳಿನ ದೇವತೆಗೆ ಇಷ್ಟು ದೊಡ್ಡ ಮರ್ಯಾದೆ ಬೇರೆಲ್ಲೂ ಸಿಗಲಾರದು. ಬಂಡೆ, ಕುರುಚಲು, ಬೇಸಿಗೆಯ ಬಿಸಿ ಕಲ್ಲುಗಳ ಸೀಮೆಯಲ್ಲಿ ದನ ಕಾಯುವ ಹುಡುಗನಿಗೂ ಕಳೆ ಕೀಳುವ ಹೆಂಗಸಿಗೂ ಚೇಳು ದಿನನಿತ್ಯದ ಭಯ. ದೇವರು ಆ ಭಯದ ಅಳತೆಗೆ ತಕ್ಕಂತೆ ಹುಟ್ಟಿದ್ದಾಳೆ. ಇಲ್ಲಿ ಹುಂಡಿ ಪೆಟ್ಟಿಗೆಯಲ್ಲ, ನೆಲದಲ್ಲಿರುವ ತೂತು. ಬಗ್ಗಿ ನಾಣ್ಯ ಹಾಕಬೇಕು. ಶತಮಾನಗಳಿಂದ ಬಿದ್ದ ಕಾಸನ್ನು ಯಾರೂ ತೆಗೆದಿಲ್ಲ ಎಂದು ಊರಿನವರು ಹೇಳುತ್ತಾರೆ. ಬಿದ್ದ ನಾಣ್ಯದ ಸದ್ದಿಗೆ ಮಕ್ಕಳು ಕಿವಿಗೊಟ್ಟು ಕೂರುತ್ತಾರೆ.

ಪಕ್ಕದಲ್ಲಿರುವ ಸೋಮೇಶ್ವರ ದೇವಾಲಯ ವಿಜಯನಗರ ಕಾಲದ್ದು. ಎತ್ತರದ ಮಹಾದ್ವಾರ, ಕಲ್ಯಾಣ ಮಂಟಪದ ಕಂಬಗಳ ಕೆತ್ತನೆ ಬಿಡುವಾಗಿ ನೋಡಬೇಕಾದವು. ಊರಿನ ಇನ್ನೊಂದು ಕಡೆ ಮಕ್ಬರಾ ಇದೆ. ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿ ಅಲ್ಲಿದೆ. ಹೈದರ್ ಹುಟ್ಟಿದ್ದು ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ. 1782ರ ಡಿಸೆಂಬರಿನಲ್ಲಿ ಅವನು ಚಿತ್ತೂರಿನ ಬಳಿ ದಂಡಿನ ಬಿಡಾರದಲ್ಲಿ ಸತ್ತಾಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಅವನು ಬರುವ ತನಕ ಸಾವಿನ ಸುದ್ದಿ ಹೊರಬೀಳದಂತೆ ನೋಡಿಕೊಳ್ಳುತ್ತ, ಹೆಣವನ್ನು ಕೋಲಾರಕ್ಕೆ ತಂದು ಅಪ್ಪನ ಗೋರಿಯ ಬಳಿ ಇಟ್ಟರು. ಶ್ರೀರಂಗಪಟ್ಟಣದ ಗುಂಬಜಿಗೆ ಹೋದದ್ದು ಆಮೇಲೆ. ಹೈದರನ ಗೋರಿ ನೋಡಲು ಶ್ರೀರಂಗಪಟ್ಟಣಕ್ಕೆ ನೂಕುನುಗ್ಗಲು. ಕೋಲಾರದ ಮಕ್ಬರಾಕ್ಕೆ ಬರುವವರು ಬೆರಳೆಣಿಕೆ.

ಬೆಟ್ಟದ ಮೇಲಕ್ಕೆ ಮೆಟ್ಟಿಲು ಹತ್ತಿದರೆ ಅಂತರಗಂಗೆ. ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ಬೀಳುವ ನೀರು ಕಡುಬೇಸಿಗೆಯಲ್ಲೂ ನಿಂತಿಲ್ಲ ಎನ್ನುವುದು ಊರಿನ ಹೆಮ್ಮೆ. ಸಾವಿರದೈನೂರು ಅಡಿ ಕೊರೆದರೂ ನೀರು ಸಿಗದ ಊರಿನ ನೆತ್ತಿಯ ಮೇಲೆ ಹೀಗೊಂದು ಬುಗ್ಗೆ ಇರುವುದನ್ನು ಪವಾಡ ಎಂದರೂ ಸರಿ, ಬಂಡೆಯ ಬಿರುಕುಗಳ ಲೆಕ್ಕಾಚಾರ ಎಂದರೂ ಸರಿ. ಇನ್ನೂ ಮೇಲೆ, ಬೆಟ್ಟದ ತಲೆಯ ಮೇಲೆ, ಹಳ್ಳಿಗಳಿವೆ. ಅವುಗಳಲ್ಲಿ ತೇರಹಳ್ಳಿ ಒಂದು. ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕಟ್ಟಿದ ‘ಆದಿಮ’ ಇರುವುದು ಅಲ್ಲಿ. ಹುಣ್ಣಿಮೆಯ ರಾತ್ರಿ ಬಯಲಲ್ಲಿ ಹಾಡು, ನಾಟಕ, ತಮಟೆ ನಡೆಸುವ ‘ಹುಣ್ಣಿಮೆ ಹಾಡು’ ಅವರದು. ದಲಿತ ಚಳವಳಿಯ ಹಾಡುಗಳು ಗಟ್ಟಿಯಾಗಿ ಕೇಳಿಬಂದ ಜಿಲ್ಲೆ ಇದು. ಆ ಕಂಠಗಳಿಗೆ ಬೆಟ್ಟದ ಮೇಲೆ ಒಂದು ರಂಗ ಸಿಕ್ಕಿದೆ.

ಕೆಳಗಿಳಿದರೆ ಎಪಿಎಂಸಿ. ಏಷ್ಯಾದಲ್ಲೇ ಎರಡನೆಯ ದೊಡ್ಡ ಟೊಮೆಟೊ ಮಾರುಕಟ್ಟೆ ಎಂದು ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತಾರೆ. ಹದಿನೈದು ಕೆ.ಜಿ.ಯ ಪ್ಲಾಸ್ಟಿಕ್ ಬಾಕ್ಸುಗಳು ಆಳೆತ್ತರ ಪೇರಿಸಿವೆ. ಹರಾಜು ಕೂಗುವವನು ಸಾಲಿನ ಮುಂದೆ ನಡೆಯುತ್ತಲೇ ಕನ್ನಡ, ತೆಲುಗು, ಉರ್ದು ಬೆರೆಸಿ ದರ ಏರಿಸುತ್ತಾನೆ. ಹಿಂದೆಯೇ ಖರೀದಿದಾರರ ಗುಂಪು. ಒಬ್ಬ ಮೇಲಿನ ಬಾಕ್ಸಿನಿಂದ ಹಣ್ಣೊಂದನ್ನು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿ ತಲೆಯಾಡಿಸುತ್ತಾನೆ. ಅರೆ ನಿಮಿಷದಲ್ಲಿ ಒಬ್ಬ ರೈತನ ಮೂರು ತಿಂಗಳ ದುಡಿಮೆಯ ತೀರ್ಮಾನ ಆಗಿಹೋಗಿರುತ್ತದೆ. 2023ರ ಜುಲೈನಲ್ಲಿ ಇದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ತೋಟಕ್ಕೆ ಕಾವಲು ಹಾಕಿದರು. ಬೆಲೆ ಬಿದ್ದ ವರ್ಷಗಳಲ್ಲಿ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋದದ್ದೂ ಇಲ್ಲಿಯ ಹಣ್ಣನ್ನೇ.

ಕೋಲಾರದಿಂದ ಉತ್ತರಕ್ಕೆ ಶ್ರೀನಿವಾಸಪುರದ ದಾರಿ ಹಿಡಿದರೆ ಟೊಮೆಟೊ ಹಿಂದೆ ಸರಿದು ಮಾವು ಮುಂದೆ ಬರುತ್ತದೆ. ಈ ಊರಿನ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರೆಂದು ಗೆಜೆಟಿಯರ್ ಹೇಳುತ್ತದೆ. ಮಾವಿಗೆ ಕೆಂಪು ಗೋಡುಮಣ್ಣು ಹಿಡಿಸಿದೆ, ಒಣಹವೆ ಹಿಡಿಸಿದೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ, ನೀಲಂ, ಎಲ್ಲಕ್ಕಿಂತ ಹೆಚ್ಚಾಗಿ ತೋತಾಪುರಿ. ಹಂಗಾಮಿನುದ್ದಕ್ಕೂ ಇಲ್ಲಿ ಯಾವುದಾದರೊಂದು ಜಾತಿಯ ಕಾಯಿ ಮರದಲ್ಲಿ ಇರುತ್ತದೆ.

ಜೂನ್ ತಿಂಗಳ ಒಂದು ತೋಟ. ಉದ್ದ ಗಳುವಿನ ತುದಿಗೆ ಕತ್ತಿ, ಅದರಡಿ ಬಲೆಚೀಲ ಕಟ್ಟಿದ ಆಳು ಕಾಯಿಯನ್ನು ತೊಟ್ಟಿನ ಸಮೇತ ಬೀಳಿಸಿಕೊಳ್ಳುತ್ತಾನೆ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಅದು ಕಾಯಿಯ ಸಿಪ್ಪೆಯ ಮೇಲೆ ಹರಿದರೆ ಕಪ್ಪು ಗೆರೆ, ಆಳಿನ ತೋಳಿನ ಮೇಲೆ ಹರಿದರೆ ಬೊಬ್ಬೆ. ಮರದಡಿ ಕೂತ ಹೆಂಗಸರು ಕಾಯಿಯನ್ನು ತಲೆಕೆಳಗಾಗಿಟ್ಟು ಸೊನೆ ಇಳಿಸಿ, ಕಣ್ಣಳತೆಯಲ್ಲೇ ವಿಂಗಡಿಸುತ್ತಾರೆ. ತೋಟ ಬಹುಪಾಲು ಹೂ ಬಿಟ್ಟಾಗಲೇ ವ್ಯಾಪಾರಿಗೆ ಗುತ್ತಿಗೆ ಹೋಗಿರುತ್ತದೆ. ಆಲಿಕಲ್ಲು ಬಿದ್ದರೆ ನಷ್ಟ ಯಾರದು ಎಂಬ ಜಗಳವೂ ಆಗಲೇ ನಿಶ್ಚಯ.

ಬಾದಾಮಿಗೆ ಪೇಟೆಯ ಗಿರಾಕಿ ಇದ್ದಾನೆ. ತೋತಾಪುರಿಯ ಹಣೆಬರಹ ಬರೆಯುವುದು ತಿರುಳು ತೆಗೆಯುವ ಕಾರ್ಖಾನೆಗಳು. ಅವು ಹೆಚ್ಚಾಗಿ ಇರುವುದು ಗಡಿಯಾಚೆ, ಚಿತ್ತೂರಿನಲ್ಲಿ. 2025ರ ಜೂನ್‌ನಲ್ಲಿ ಬೆಲೆ ಕುಸಿದಾಗ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಆದೇಶ ಮಾಡಿತು. ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಅಷ್ಟರಲ್ಲಿ ಕಾಯಿ ಹಣ್ಣಾಗುತ್ತಿತ್ತು. ಅದಕ್ಕೆ ಪತ್ರವ್ಯವಹಾರ ತಿಳಿಯದು. ಕರ್ನಾಟಕದ ಮಾವಿನ ರಾಜಧಾನಿ ಎನಿಸಿಕೊಂಡ ಊರು ತನ್ನ ಹಣ್ಣನ್ನು ಹಿಂಡಲು ಇಷ್ಟು ವರ್ಷ ಪಕ್ಕದ ರಾಜ್ಯದ ಬಾಗಿಲು ಕಾದದ್ದು ಯಾಕೆ ಎಂದು ಕೇಳುವವರು ಶ್ರೀನಿವಾಸಪುರದಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಮುಳಬಾಗಿಲು ಹೆಸರಿಗೆ ತಕ್ಕಂತೆ ಮೂಡಣದ ಬಾಗಿಲು. ಮೈಸೂರಿನ ಪ್ರಸ್ಥಭೂಮಿಯಿಂದ ಪೂರ್ವದ ಘಟ್ಟ ಇಳಿಯುವ ಹಾದಿಯ ಮೇಲೆ ಇರುವುದರಿಂದ ಇಲ್ಲಿ ದಂಡುಗಳ ಓಡಾಟ ತಪ್ಪಿದ್ದಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಬುಕ್ಕನ ಮಗ ಕುಮಾರಕಂಪಣ ಮಧುರೆಯ ಮೇಲೆ ದಂಡೆತ್ತಿ ಹೋದದ್ದು ಈ ದಾರಿಯಲ್ಲೇ. ಅವನ ರಾಣಿ ಗಂಗಾದೇವಿ ಸಂಸ್ಕೃತದಲ್ಲಿ ‘ಮಧುರಾವಿಜಯಂ’ ಬರೆದು ಆ ದಂಡಯಾತ್ರೆಯನ್ನು ಉಳಿಸಿದಳು. ಮುಂದಿನ ಶತಮಾನದಲ್ಲಿ ಮುಳುವಾಯಿ ರಾಜ್ಯವೆಂದು ಕರೆಸಿಕೊಂಡ ಈ ಸೀಮೆಯನ್ನು ಆಳಿದವನು ಲಕ್ಕಣ್ಣ ದಂಡೇಶ; ಕನ್ನಡದಲ್ಲಿ ‘ಶಿವತತ್ತ್ವ ಚಿಂತಾಮಣಿ’ ಬರೆದವನೂ ಅವನೇ. ವಿರೂಪಾಕ್ಷಪುರದ ದೇವಾಲಯ ಆ ಕಾಲದ ಗುರುತು.

ಊರ ಹಿಂದಿನ ಬಂಡೆಬೆಟ್ಟ ನೋಡಿದಾಗ 1768ರ ಅಕ್ಟೋಬರಿನ ಕಥೆ ನೆನೆಯದೆ ಇರಲಾಗದು. ಮೊದಲ ಮೈಸೂರು ಯುದ್ಧದಲ್ಲಿ ಇಂಗ್ಲಿಷರು ಹಿಡಿದಿದ್ದ ಮುಳಬಾಗಿಲ ಕೋಟೆಯನ್ನು ಹೈದರ್ ಮತ್ತೆ ಕಿತ್ತುಕೊಂಡ. ಬಿಡಿಸಿಕೊಳ್ಳಲು ಬಂದ ಕರ್ನಲ್ ವುಡ್ ಬಂಡೆಗಳ ಸಂದಿಯಲ್ಲಿ ಸಿಕ್ಕಿಬಿದ್ದ. ಸೋಲು ಖಚಿತವಾದ ಹೊತ್ತಿನಲ್ಲಿ ಬ್ರೂಕ್ ಎಂಬ ಅಧಿಕಾರಿ ಒಂದಿಷ್ಟು ಜನರನ್ನೂ ಎರಡು ತೋಪುಗಳನ್ನೂ ಮರೆಯ ದಾರಿಯಲ್ಲಿ ಒಂದು ಬಂಡೆಯ ನೆತ್ತಿಗೆ ಏರಿಸಿ, ಗುಂಡು ಹಾರಿಸುತ್ತ, ‘ಸ್ಮಿತ್! ಸ್ಮಿತ್!’ ಎಂದು ಜಯಘೋಷ ಕೂಗಿಸಿದ. ಕರ್ನಲ್ ಸ್ಮಿತ್ ದೊಡ್ಡ ದಂಡಿನೊಡನೆ ಬಂದೇಬಿಟ್ಟನೆಂದು ಎರಡೂ ಕಡೆಯವರು ನಂಬಿದರು. ಹೈದರನ ಪಡೆ ಹಿಂದೆ ಸರಿಯಿತು. ಸ್ಮಿತ್ ಹತ್ತಿರದಲ್ಲೆಲ್ಲೂ ಇರಲಿಲ್ಲ. ಸುಳ್ಳು ಬಯಲಾಗಿ ಹೈದರ್ ತಿರುಗಿಬೀಳುವಷ್ಟರಲ್ಲಿ ವುಡ್ ತನ್ನ ಸಾಲು ಸರಿಪಡಿಸಿಕೊಂಡಿದ್ದ. ಕೋಟೆ ಮಾತ್ರ ಹೈದರನ ಕೈಯಲ್ಲೇ ಉಳಿಯಿತು.

ದಂಡುಗಳ ಊರೆಂದರೆ ಮುಳಬಾಗಿಲಿಗೆ ಅರ್ಧ ನ್ಯಾಯ ಸಂದ ಹಾಗೆ. ಊರಾಚೆಯ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೆಯ ಶತಮಾನದಲ್ಲಿ, ಮಠದ ವಿದ್ಯೆ ಎಂದರೆ ಸಂಸ್ಕೃತವೇ ಆಗಿದ್ದ ಹೊತ್ತಿನಲ್ಲಿ, ರಂಗವಿಠಲ ಅಂಕಿತದಲ್ಲಿ ಕನ್ನಡ ಪದಗಳನ್ನು ಕಟ್ಟಿ ಪೂಜೆಯ ಹೊತ್ತಿಗೆ ಹಾಡಿಸಿದವರು ಅವರು. ವ್ಯಾಸರಾಯರು ಓದಿದ್ದು ಅವರ ಬಳಿ. ಆ ವ್ಯಾಸರಾಯರ ಶಿಷ್ಯರು ಪುರಂದರದಾಸರು, ಕನಕದಾಸರು. ಹರಿದಾಸ ಸಾಹಿತ್ಯ ಎಂದರೆ ಹಂಪಿಯನ್ನೇ ನೆನೆಯುವವರು ಮುಳಬಾಗಿಲಿಗೂ ಒಂದು ಪಾಲು ಕೊಡಬೇಕು. ಅದೇ ಊರಿನಲ್ಲಿ ಹಜರತ್ ಹೈದರ್ ವಲಿ ದರ್ಗಾ ಇದೆ, ಅರ್ಜುನ ಪ್ರತಿಷ್ಠಾಪಿಸಿದನೆಂದು ನಂಬುವ ಆಂಜನೇಯನ ಗುಡಿ ಇದೆ, 1887ರಲ್ಲಿ ಡಿ.ವಿ. ಗುಂಡಪ್ಪ ಹುಟ್ಟಿದ ಬೀದಿ ಇದೆ. ಡಿವಿಜಿಯವರ ‘ಜ್ಞಾಪಕ ಚಿತ್ರಶಾಲೆ’ ಓದಿದವರಿಗೆ ಇಲ್ಲಿಯ ಜಗುಲಿಗಳು, ಮೇಷ್ಟರುಗಳು, ವೈದಿಕರು ಮೊದಲೇ ಪರಿಚಿತರು.

ದೋಸೆಯ ಬಗ್ಗೆ ಬರೆಯದೆ ಮುಳಬಾಗಿಲು ಬಿಟ್ಟರೆ ಓದುಗರು ಕ್ಷಮಿಸುವುದಿಲ್ಲ. ದಾವಣಗೆರೆಯ ಬೆಣ್ಣೆದೋಸೆಯ ಜಾತಿಯಲ್ಲ ಇದು. ಕಾವಲಿಯ ಮೇಲೆ ದಪ್ಪಗೆ ಹುಯ್ದು, ಸುತ್ತ ಧಾರಾಳವಾಗಿ ತುಪ್ಪ ಬಿಟ್ಟು ಬೇಯಿಸಿದ್ದು. ಮೇಲೆ ಗರಿ, ಒಳಗೆ ಮೆದು. ಬೆಂಗಳೂರಿನ ಬೀದಿಬೀದಿಯಲ್ಲಿ ಈ ಹೆಸರಿನ ಫಲಕ ಕಾಣುತ್ತದೆ. ಊರಲ್ಲಿ ತಿಂದವರು ಆ ಫಲಕಗಳನ್ನು ನಂಬುವುದಿಲ್ಲ.

ಅಲ್ಲಿಂದ ಸ್ವಲ್ಪ ದೂರದ ಆವಣಿಯಲ್ಲಿ ಸೀತೆ ಲವಕುಶರನ್ನು ಹೆತ್ತಳೆಂದು ಜನರ ನಂಬಿಕೆ. ಬೆಟ್ಟದ ಮೇಲೆ ಸೀತಮ್ಮನ ಗುಡಿ. ಕೆಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿರುವ ನೊಳಂಬರ ಕಾಲದ ದೇವಾಲಯಗಳ ಗುಂಪು. ಹತ್ತನೆಯ ಶತಮಾನದಲ್ಲಿ ಈ ಸ್ಥಾನದ ಆಡಳಿತ ನಡೆಸಿದ ತ್ರಿಭುವನಕರ್ತ ಎಂಬ ತಪಸ್ವಿಯ ಬಗ್ಗೆ ಇಲ್ಲೊಂದು ಶಾಸನವಿದೆ. ನಲವತ್ತು ವರ್ಷದಲ್ಲಿ ಐವತ್ತು ದೇವಾಲಯ ಮತ್ತು ಎರಡು ದೊಡ್ಡ ಕೆರೆ ಕಟ್ಟಿಸಿದನಂತೆ. ಸತ್ತ ಯತಿಯ ಸಾಧನೆಯ ಪಟ್ಟಿಯಲ್ಲಿ ಎಷ್ಟು ವಾದ ಗೆದ್ದ ಎನ್ನುವುದಕ್ಕಿಂತ ಎಷ್ಟು ಕೆರೆ ಕಟ್ಟಿಸಿದ ಎನ್ನುವುದು ಸೇರಿದೆಯೆಂದರೆ ಈ ಸೀಮೆಯಲ್ಲಿ ಪುಣ್ಯದ ಲೆಕ್ಕ ಹೇಗಿತ್ತೆಂದು ತಿಳಿಯುತ್ತದೆ. ಶಿವರಾತ್ರಿಯ ಸುಮಾರಿಗೆ ಇಲ್ಲಿ ದನಗಳ ಜಾತ್ರೆ. ಇನ್ನೊಂದು ದಿಕ್ಕಿನ ಕುರುಡುಮಲೆಯಲ್ಲಿ ಹದಿಮೂರೂವರೆ ಅಡಿ ಎತ್ತರದ ಏಕಶಿಲಾ ಗಣಪ. ಹೊಸ ಲಾರಿ ಕೊಂಡವರಿಂದ ಹಿಡಿದು ಚುನಾವಣೆಗೆ ನಿಂತವರ ತನಕ ಮೊದಲ ಪೂಜೆ ಇಲ್ಲೇ.

ಮುಳಬಾಗಿಲಿನಿಂದ ದಕ್ಷಿಣಕ್ಕೆ ಇಳಿದರೆ ಬೇತಮಂಗಲ. ಪಾಲಾರ್‌ಗೆ ಅಡ್ಡಲಾಗಿ ಕಟ್ಟಿದ ಇಲ್ಲಿಯ ದೊಡ್ಡ ಕೆರೆ ಬಾಣ ಅರಸರ ವಿಜಯಾದಿತ್ಯಮಂಗಲದ್ದು. ಏರಿ ಒಡೆದಾಗ ಹತ್ತನೆಯ ಶತಮಾನದಲ್ಲಿ ನೊಳಂಬ ಅರಸ ಕಟ್ಟಿಸಿದ, ಮತ್ತೆ ಹಾಳಾದಾಗ ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಕಟ್ಟಿಸಿದ. ಶಾಸನಗಳಲ್ಲಿ ಎರಡೂ ದಾಖಲಾಗಿವೆ. ಚಿನ್ನದ ಕಥೆ ಈ ನೀರಿನೊಡನೆ ಕೂಡುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ವಹಿಸಿಕೊಂಡ ಮೇಲೆ ಬೆಳೆದ ಊರಿಗೆ, ಕಾರ್ನ್‌ವಾಲಿನಿಂದ ಬಂದ ದೊರೆಗಳ ಬಂಗಲೆಗಳಿಗೆ, ತಮಿಳು ಜಿಲ್ಲೆಗಳಿಂದ ಬಂದ ಕೂಲಿಗಳ ಲೈನು ಮನೆಗಳಿಗೆ ಕುಡಿಯುವ ನೀರು ಹೋದದ್ದು ಬೇತಮಂಗಲದ ಕೆರೆಯಿಂದ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರ್ ತಂತಿ ಎಳೆದು ಗಣಿಗೆ ವಿದ್ಯುತ್ ತಂದದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು, ಅದೇ ಗಣಿಯೊಳಗೆ 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಗುರುತಿಸಿದ್ದು, ಅದನ್ನೂ ಹೇಳುತ್ತವೆ. ಸಾವಿರ ವರ್ಷದ ಒಂದು ಮಣ್ಣೇರಿ ಆ ಎಲ್ಲರ ಬಾಯಾರಿಕೆ ತಣಿಸಿತು ಎನ್ನುವುದು ಯಾವ ಪುಟದಲ್ಲೂ ದಪ್ಪಕ್ಷರದಲ್ಲಿ ಬಂದದ್ದು ಕಾಣೆ.

ಎಲ್ಲ ಕಡೆಯೂ ಹೀಗಲ್ಲ. ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಅಂಚಿನಲ್ಲಿ ಗೋಸ್ಲಾರ್ ಎಂಬ ಊರಿದೆ. ಅದರ ಬೆನ್ನಿಗಿರುವ ರಾಮಲ್ಸ್‌ಬರ್ಗ್ ಗಣಿಯಲ್ಲಿ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೆಳ್ಳಿ, ತಾಮ್ರ, ಸೀಸ ತೆಗೆದರು. ಮುಚ್ಚಿದ್ದು 1988ರಲ್ಲಿ. ನಾಲ್ಕೇ ವರ್ಷಕ್ಕೆ, 1992ರಲ್ಲಿ, ಗಣಿಯನ್ನೂ ಹಳೆಯ ಪಟ್ಟಣವನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಲಾರದವರು ಗಮನಿಸಬೇಕಾದ ಸಂಗತಿ ಅದರ ಮುಂದಿನದು. ಗಣಿಗಳ ಚಕ್ರಗಳನ್ನು ತಿರುಗಿಸಲು ಹಾರ್ಟ್ಸ್ ಬೆಟ್ಟಗಳಲ್ಲಿ ನೂರಕ್ಕೂ ಹೆಚ್ಚು ಕೊಳಗಳನ್ನೂ ನೂರಾರು ಕಿಲೋಮೀಟರ್ ಕಾಲುವೆಗಳನ್ನೂ ಹಿಂದಿನವರು ಕಟ್ಟಿದ್ದರು. ಮಣ್ಣಿನ ಏರಿಗಳೇ, ಒಂದು ಕೊಳದಿಂದ ಇನ್ನೊಂದಕ್ಕೆ ಹರಿಯುವ ನೀರೇ. 2010ರಲ್ಲಿ ಅವುಗಳನ್ನೂ ಅದೇ ಪಟ್ಟಿಗೆ ಸೇರಿಸಿದರು. ಗಣಿಯಷ್ಟೇ ಅದರ ನೀರೂ ಪರಂಪರೆ ಎಂದು ಅಲ್ಲಿ ಎಣಿಸಿದರು. ಕೋಲಾರದ ಕೆರೆಗಳು ಅವುಗಳಿಗಿಂತ ಎಷ್ಟೋ ಹಳೆಯವು, ಲೆಕ್ಕದಲ್ಲೂ ಹೆಚ್ಚು. ಇಲ್ಲಿ ಅವುಗಳ ವಿಷಯ ಎದ್ದರೆ ಒತ್ತುವರಿ ತೆರವಿನ ಕಡತದಲ್ಲಿ ಏಳುತ್ತದೆ.

ಬಂಗಾರಪೇಟೆ ದಾಟಿ, ಟೇಕಲ್ಲಿನ ದೊಡ್ಡ ದೊಡ್ಡ ಗುಂಡುಗಳ ನಡುವೆ ಹಾದು ರೈಲು ಮಾಲೂರಿಗೆ ಬರುತ್ತದೆ. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರ ಜೂನ್ 6ರಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದರು. ತೀರಿಕೊಂಡದ್ದೂ ಜೂನ್ 6ರಂದೇ, 1986ರಲ್ಲಿ. ಮನೆಮಾತು ತಮಿಳು, ಸುತ್ತಲ ಸೀಮೆಯಲ್ಲಿ ತೆಲುಗು, ಬರೆದದ್ದು ಕನ್ನಡ. ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ಕ್ಕೆ. ಮಾಸ್ತಿ ಗ್ರಾಮದಲ್ಲಿ ಅವರ ಮನೆ ಈಗ ಗ್ರಂಥಾಲಯ. ದೇವರ ದರ್ಶನಕ್ಕೆಂದು ಚಿಕ್ಕತಿರುಪತಿಗೆ ಬರುವ ಕಾರುಗಳಲ್ಲಿ ಹತ್ತಕ್ಕೊಂದು ಅತ್ತ ತಿರುಗಿದರೂ ಆ ಗ್ರಂಥಾಲಯದ ಹಾಜರಿ ಪುಸ್ತಕ ತುಂಬಿಹೋದೀತು.

ಮಾಲೂರಿಗೆ ಸಾಹಿತ್ಯಕ್ಕಿಂತ ಹೆಚ್ಚು ಹೆಸರು ತಂದದ್ದು ಇಟ್ಟಿಗೆ ಮತ್ತು ಹೆಂಚು. ಹಳೆಯ ಬೆಂಗಳೂರಿನ ಎಷ್ಟೋ ಗೋಡೆಗಳಲ್ಲಿ ಮಾಲೂರಿನ ಮಣ್ಣಿದೆ. ಆ ಮಣ್ಣಿನಲ್ಲಿ ಕೆರೆಯ ಜೇಡಿ ಇದೆ. ಒಂದು ಕಾಲಕ್ಕೆ ಹೊಲಕ್ಕೆ ಹೋಗುತ್ತಿದ್ದ ಹೂಳು ಟ್ರ್ಯಾಕ್ಟರ್ ಹತ್ತಿ ಗೂಡಿಗೆ ಹೋಗತೊಡಗಿತು. ಅಳತೆ ಮೀರಿ ತೋಡಿದ ಕಡೆ ಕೆರೆಯಂಗಳದಲ್ಲಿ ಆಳುದ್ದದ ಗುಂಡಿಗಳು ಬಿದ್ದಿವೆ. ಮೊದಲ ಮಳೆಯ ನೀರು ತೂಬಿನ ಮಟ್ಟಕ್ಕೆ ಏರುವ ಬದಲು ಅವುಗಳಲ್ಲೇ ನಿಲ್ಲುತ್ತದೆ. ಹೂಳೆತ್ತುವುದು ಎಂದರೆ ಸರ್ಕಾರದ ಕಡತದಲ್ಲಿ ಒಂದು ಅರ್ಥ, ಗೂಡಿನವರಿಗೆ ಒಂದು ಅರ್ಥ, ಅಚ್ಚುಕಟ್ಟಿನ ರೈತನಿಗೆ ಇನ್ನೊಂದು.

2021ರ ನವೆಂಬರಿನ ಭಾರಿ ಮಳೆಯಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಳ ನಂತರ ಕೋಡಿ ಹರಿದವು. ಜನ ಬಾಗಿನ ಬಿಟ್ಟರು, ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. ರಾಜಕಾಲುವೆ ಮುಚ್ಚಿ ಲೇಔಟು ಮಾಡಿದ ಕಡೆ ಮನೆಗಳಿಗೆ ನೀರು ನುಗ್ಗಿತು. ಪಶ್ಚಿಮ ಘಟ್ಟದಿಂದ ಕುಡಿಯುವ ನೀರು ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು. ಅದರ ಮೊದಲ ಹಂತವನ್ನು 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದಲ್ಲಿ ಉದ್ಘಾಟಿಸಿದರು. ಸಕಲೇಶಪುರದಿಂದ ಮಾಲೂರು ದೂರ. ಬೆಳಗಿನ ಮೆಮು ರೈಲಿಗೆ ಕಾಯುತ್ತ ನಿಂತವರಲ್ಲಿ ಬಹುಮಂದಿ ವೈಟ್‌ಫೀಲ್ಡು, ಕಂಟೋನ್ಮೆಂಟುಗಳ ಕೆಲಸಕ್ಕೆ ಹೋಗುವವರು, ಬೆಂಗಳೂರಿನ ನಲ್ಲಿಯ ನೀರನ್ನು ದಿನವೂ ಕಂಡು ಬರುವವರು. ಕೆ.ಸಿ. ವ್ಯಾಲಿಯ ಎರಡನೆಯ ಹಂತದ ಪಟ್ಟಿಯಲ್ಲಿ ನಮ್ಮೂರ ಕೆರೆ ಸೇರಿದೆಯೋ ಇಲ್ಲವೋ, ಸೇರಿದ್ದರೆ ಪೈಪು ಯಾರ ಹೊಲದ ಮೇಲೆ ಬರುತ್ತದೆ, ಹೊಲ ಹೋದವನಿಗೆ ಎಷ್ಟು ಸಿಗುತ್ತದೆ ಎಂದು ರೈಲು ಬರುವ ತನಕ ಅವರ ನಡುವೆ ವಾದ ನಡೆದೇ ಇರುತ್ತದೆ.